ಮೆಷಿನ್ನಿಗೆ ದುಡ್ಡು ಬರುತ್ತದೆ, ಅದನ್ನು ನಡೆಸುವ ಕೈಗೆ ಬರುವುದಿಲ್ಲ

ವಿದ್ಯಾನಗರದ ಮೇಷ್ಟ್ರು

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಪಾಠ ಮಾಡಲು ಶುರು ಮಾಡಿ ಹದಿನೇಳು ವರ್ಷ ಆಯಿತು. ಕಾಲೇಜಿನ ಹೆಸರು ಬೇಡ, ಇದು ಎಷ್ಟೋ ಕಡೆ ಇರುವ ಕಥೆ.

ನಮ್ಮ ಲ್ಯಾಬಿನ ಬೀರುವಿನಲ್ಲಿ ಒಂದು ಫ್ಲೂ ಗ್ಯಾಸ್ ಅನಲೈಸರ್ ಇದೆ. ಒಲೆ, ಬಾಯ್ಲರ್, ಭಟ್ಟಿಯ ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಅಂತ ಅಳೆಯುವ ಯಂತ್ರ. ಸರ್ಕಾರದ ಅನುದಾನದಲ್ಲಿ ತಂದದ್ದು. ಮಂಡಕ್ಕಿ ಭಟ್ಟಿಯ ಹೊಗೆ ಕಡಿಮೆ ಮಾಡುವ ಒಲೆ ಕಟ್ಟಬೇಕು ಅನ್ನುವುದು ಆಗಿನ ಪ್ರಾಜೆಕ್ಟು. ಮೂರು ವರ್ಷ ನಡೆಯಿತು, ವರದಿ ಕೊಟ್ಟೆವು, ಮುಗಿಯಿತು.

ಹೋದ ವಾರ ಫೈನಲ್ ಇಯರ್ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟಿಗೆ ಅದನ್ನು ಕೇಳಿದಳು. ಖುಷಿಯಿಂದಲೇ ತೆಗೆದೆ. ಸ್ವಿಚ್ ಹಾಕಿದರೆ ಸ್ಕ್ರೀನ್ ಹೊತ್ತಿಕೊಂಡಿತು. ಆಕ್ಸಿಜನ್ ಬರಬೇಕಾದ ಜಾಗದಲ್ಲಿ ನಾಲ್ಕು ಅಡ್ಡಗೆರೆ, ಕಾರ್ಬನ್ ಮಾನಾಕ್ಸೈಡ್ ಜಾಗದಲ್ಲಿ ನಾಲ್ಕು ಅಡ್ಡಗೆರೆ. ಸೆನ್ಸರ್ ಹೋಗಿವೆ. ಅವು ಬ್ಯಾಟರಿ ಸೆಲ್ ಇದ್ದ ಹಾಗೆ, ಬಳಸಿದರೂ ಬಳಸದಿದ್ದರೂ ಎರಡು ಮೂರು ವರ್ಷಕ್ಕೆ ಮುಗಿಯುತ್ತವೆ. ಇಡೀ ಯಂತ್ರ ಸರಿಯಿದೆ, ಬೆರಳುದ್ದದ ಎರಡು ಸೆಲ್ ಇಲ್ಲ. ಪ್ರಾಜೆಕ್ಟು ಮುಗಿದ ಮೇಲೆ ಸೆಲ್ಲಿಗೆ ದುಡ್ಡು ಯಾವ ಲೆಕ್ಕದಲ್ಲಿ ತರುವುದು? ಹೊಸ ಅರ್ಜಿಯಲ್ಲಿ ಹೊಸ ಯಂತ್ರ ಕೇಳಬಹುದು. ಹಳೆಯದರ ರಿಪೇರಿಗೆ ನನಗೆ ಕೊಟ್ಟ ಫಾರಂನಲ್ಲಿ ಕಾಲಂ ಇರಲಿಲ್ಲ. ಆ ಯಂತ್ರ ನಡೆಸಲು ಕಲಿತಿದ್ದ ಹುಡುಗ ಪ್ರಾಜೆಕ್ಟು ಮುಗಿದ ತಿಂಗಳೇ ಬೆಂಗಳೂರಿಗೆ ಹೋದ. ಅವನದೇನೂ ತಪ್ಪಿಲ್ಲ, ಸಂಬಳ ನಿಂತಿತ್ತು.

ನನಗೆ ಕೇಳಬೇಕಾದ್ದು ಇಷ್ಟು. ಸರ್ಕಾರ ಕಾಲೇಜುಗಳಿಗೆ ಪ್ರಾಜೆಕ್ಟು ಕೊಡುವ ಬದಲು ಸಂಶೋಧನಾ ಕೇಂದ್ರ ಕೊಡಬಾರದಾ? ಒಂದು ಊರಿಗೆ ಒಂದು ಕೇಂದ್ರ, ಒಂದೇ ಸಮಸ್ಯೆ, ಹತ್ತು ವರ್ಷ.

ಇದು ನಾನು ಕಟ್ಟಿದ ಕನಸಲ್ಲ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1985ರಿಂದ ಎಂಜಿನಿಯರಿಂಗ್ ರಿಸರ್ಚ್ ಸೆಂಟರ್ ಅಂತ ಇದನ್ನೇ ಮಾಡಿಕೊಂಡು ಬಂದಿದೆ. ಮೊದಲ ವರ್ಷ ಆರು ಕೇಂದ್ರ ಶುರುವಾದವು. 2024ರಲ್ಲಿ ಹೊಸದಾಗಿ ನಾಲ್ಕು ಕೊಟ್ಟರು, ಒಂದೊಂದಕ್ಕೆ ಐದು ವರ್ಷಕ್ಕೆ 2.6 ಕೋಟಿ ಡಾಲರ್. ಕೆಲಸ ಚೆನ್ನಾಗಿ ನಡೆದರೆ ಇನ್ನೂ ಐದು ವರ್ಷ. ಅಷ್ಟು ದುಡ್ಡು ನಮಗೆ ಬೇಡ, ಅದರ ನೂರರಲ್ಲೊಂದು ಪಾಲು ಸಾಕು. ನನಗೆ ಹಿಡಿಸಿದ್ದು ಅವಧಿ. ಹತ್ತು ವರ್ಷ ಅಂದರೆ ಸೆನ್ಸರ್ ಮೂರು ಸಲ ಬದಲಾಗುತ್ತದೆ, ತಂತ್ರಜ್ಞ ಊರಲ್ಲೇ ಮನೆ ಮಾಡುತ್ತಾನೆ. ಮತ್ತೆ ಆ ಕೇಂದ್ರಗಳಲ್ಲಿ ಕಂಪನಿಗಳು ಮೊದಲ ದಿನದಿಂದ ಜೊತೆಗಿರುತ್ತವೆ, ಬಿ.ಇ. ಓದುವ ಹುಡುಗರೂ ಇರುತ್ತಾರೆ.

ನಿಮ್ಮ ಅನುಭವ ಏನು ಅಂತ ಬರೆಯಿರಿ. ಒಪ್ಪದೆ ಇರುವವರೂ ಬರೆಯಿರಿ.

ಬಾತಿ ಕೆರೆ

ಸರ್, ನಾನು ಒಪ್ಪುವುದಿಲ್ಲ, ಬೇಜಾರಾಗಬೇಡಿ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದೇ ಜಿಡಿಪಿಯಲ್ಲಿ ಶೇ 0.64. ಅಷ್ಟರಲ್ಲಿ ಊರೂರಿಗೆ ಹಂಚಿದರೆ ಯಾರಿಗೂ ಏನೂ ಉಳಿಯುವುದಿಲ್ಲ. ಒಗ್ಗರಣೆಗೆ ಎಣ್ಣೆ ಹನಿಸಿದ ಹಾಗೆ ಆಗುತ್ತದೆ. ಐಐಎಸ್‌ಸಿಗೆ, ಐಐಟಿಗೆ ಕೊಡಲಿ. ಅವರು ಕಂಡುಹಿಡಿದದ್ದು ನಮಗೂ ಬರುತ್ತದೆ ಅಲ್ವಾ?

ಚಳ್ಳಕೆರೆ ಶೇಂಗಾ

ಬಾತಿ ಕೆರೆಯವರೇ, ಅದು ಹೇಗೆ ಬರುತ್ತದೆ ಅಂತ ನಾವು ಹತ್ತಿರದಿಂದ ನೋಡುತ್ತಿದ್ದೇವೆ.

ನಮ್ಮ ಕುದಾಪುರದಲ್ಲಿ ಐಐಎಸ್‌ಸಿಗೆ 1,500 ಎಕರೆ ಕೊಟ್ಟಿದ್ದಾರೆ. ಪಕ್ಕದಲ್ಲೇ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರ. ಇಸ್ರೋದವರು ಪುಷ್ಪಕ್ ಅನ್ನುವ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ವಾಹನ ಇಳಿಸಿದ್ದು ಅಲ್ಲೇ. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಸಲ. ಹೆಲಿಕಾಪ್ಟರ್ ಮೇಲಿಂದ ಬಿಟ್ಟಿತು, ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬಂತು. ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ. ನನ್ನ ಮಗ ಅವತ್ತಿನಿಂದ ಏರೋನಾಟಿಕಲ್ ಅಂತ ಹಟ ಹಿಡಿದಿದ್ದಾನೆ.

ಆದರೆ ಆ ಜಾಗ ಅಮೃತಮಹಲ್ ಕಾವಲು. ಸುತ್ತಲಿನ ಹಳ್ಳಿಗಳ ಕುರಿ, ದನ ಅಲ್ಲಿ ಮೇಯುತ್ತಿದ್ದವು. ಈಗ ಗೋಡೆ. ಐಐಎಸ್‌ಸಿ ಅಲ್ಲಿ ಶಾಲಾ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ಕೊಡುತ್ತದೆ. ನಮ್ಮ ಮನೆಯವಳು ಹೈಸ್ಕೂಲ್ ಟೀಚರ್, ಹೋಗಿ ಬಂದಿದ್ದಾಳೆ. ಬಂದ ಮೇಲೆ ಪಾಠ ಮಾಡುವ ರೀತಿಯೇ ಬದಲಾಯಿತು. ಅದು ನಿಜವಾದ ಲಾಭ. ಅಂಥದ್ದು ಇನ್ನೂ ಬೇಕು. ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ದಾವಣಗೆರೆಯಲ್ಲಿ ನಾಲ್ಕಾರಿವೆ. ಆ ಗೋಡೆಯ ಒಳಗಿನ ದೊಡ್ಡ ಯಂತ್ರವನ್ನು ವಾರದಲ್ಲಿ ಒಂದು ದಿನ ನಮ್ಮ ಹುಡುಗರು ಬಳಸಬಹುದು ಅಂತ ನಿಯಮ ಮಾಡಿದರೆ ಎಷ್ಟು ಚೆಂದ! ಶೇಂಗಾ ಸಿಪ್ಪೆಯಿಂದ ಏನು ಮಾಡಬಹುದು ಅನ್ನುವುದಕ್ಕೆ ರಾಕೆಟ್ ವಿಜ್ಞಾನಿ ಬೇಡ. ಆದರೆ ಪರೀಕ್ಷೆ ಮಾಡಲು ಅವರ ಹತ್ತಿರ ಇರುವ ಸಾಮಾನು ಬೇಕು.

ಹಳೇ ಬಿಡಿಟಿ

ನಾನು ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. 1951ರಲ್ಲಿ ಶುರುವಾದ ಕಾಲೇಜು ಅದು, ಈಗ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. ಊರಿನ ವ್ಯಾಪಾರಸ್ಥ ಮನೆತನ ಕೊಟ್ಟ ದಾನದ ಹೆಸರನ್ನು ಇವತ್ತಿಗೂ ಹೊತ್ತುಕೊಂಡಿದೆ. ಅಂದರೆ ಈ ಊರಿನ ಜನ ಎಂಜಿನಿಯರಿಂಗಿಗೆ ಅಷ್ಟು ಹಿಂದೆಯೇ ಕೈ ಬಿಚ್ಚಿ ದುಡ್ಡು ಕೊಟ್ಟಿದ್ದಾರೆ. ಮೊದಲು ಇದನ್ನು ನೆನಪಿಸಬೇಕು ಅನ್ನಿಸಿತು.

ಬಾತಿ ಕೆರೆಯವರ ಪ್ರಶ್ನೆಗೆ ಐಐಎಸ್‌ಸಿಯದ್ದೇ ಉದಾಹರಣೆ ಕೊಡುತ್ತೇನೆ. 1974ರಲ್ಲಿ ಅಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಕೆಲಸ. ಅವರು ಬೆಂಗಳೂರಿನಲ್ಲಿ ಕೂತು ಬರೆಯಲಿಲ್ಲ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಠಾಣೆ ಹಾಕಿದರು, ಅಡುಗೆಮನೆಗಳಲ್ಲಿ ಕೂತು ಸೌದೆ ತೂಗಿದರು. ಮೂರು ಪಾತ್ರೆ ಇಡುವ, ಚಿಮಣಿ ಇರುವ ಅಸ್ತ್ರ ಒಲೆ ಹುಟ್ಟಿದ್ದು ಹಾಗೆ. ನಮ್ಮ ಅತ್ತೆ ಮನೆಯಲ್ಲಿ ಒಂದು ಹಾಕಿಸಿದ್ದರು. ಅತ್ತೆಗೆ ಕೆಮ್ಮು ಕಡಿಮೆ ಆಯಿತು, ಗೋಡೆಯ ಮಸಿಯೂ ಕಡಿಮೆ ಆಯಿತು. ಅದನ್ನು ಮನೆಮನೆಗೆ ಮುಟ್ಟಿಸುವುದರಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪಾಲು ದೊಡ್ಡದು.

ಅದೇ ಮಂಡಳಿ 1977ರಿಂದ ಬಿ.ಇ. ಹುಡುಗರ ಪ್ರಾಜೆಕ್ಟಿಗೆ ದುಡ್ಡು ಕೊಡುತ್ತಾ ಬಂದಿದೆ. ಸಣ್ಣ ಮೊತ್ತ. ಆದರೆ ಆಯ್ಕೆ ಆಯಿತು ಅಂತ ಕಾಗದ ಬಂದ ದಿನ ಹುಡುಗರ ಮುಖ ನೋಡಬೇಕು! ನಾನು ಮೇಷ್ಟ್ರಾಗಿದ್ದಾಗ ಆ ಕಾಗದವನ್ನು ನೋಟಿಸ್ ಬೋರ್ಡಿಗೆ ನಾನೇ ಅಂಟಿಸುತ್ತಿದ್ದೆ.

ದೊಡ್ಡ ಸಂಸ್ಥೆಯವರೂ ಒಲೆ ಮಾಡಲು ಹಳ್ಳಿಗೆ ಹೋಗಬೇಕಾಯಿತು. ನಾವು ಭಟ್ಟಿಯಿಂದ ಮೂರು ಕಿಲೋಮೀಟರ್ ದೂರದಲ್ಲಿದ್ದೇವೆ. ನಮಗೆ ಹೋಗುವುದು ಸುಲಭ.

ಜೆಆರ್‌ಎಫ್ ಆಗಿದ್ದೆ

ಮೇಷ್ಟ್ರೇ, "ಅವನದೇನೂ ತಪ್ಪಿಲ್ಲ" ಅಂತ ಬರೆದಿರಲ್ಲ, ಅದಕ್ಕೆ ಥ್ಯಾಂಕ್ಸ್. ನಾನೂ ಹಾಗೆ ಬಿಟ್ಟು ಹೋದವಳು.

ಜೆಆರ್‌ಎಫ್ ಅಂದರೆ ಪ್ರಾಜೆಕ್ಟಿನಲ್ಲಿ ಸಂಶೋಧನೆ ಮಾಡುವ ಕಿರಿಯ ಫೆಲೋ. ಕಾಗದದ ಮೇಲೆ ಜೆಆರ್‌ಎಫ್‌ಗೆ ಈಗ ತಿಂಗಳಿಗೆ 37,000. 2023ರ ಜನವರಿಯಿಂದ ಏರಿಸಿದರು, ಅದಕ್ಕೂ ಮೊದಲು 31,000. ನನಗೆ ಎಂಟು ತಿಂಗಳು ಒಂದು ರೂಪಾಯಿ ಬರಲಿಲ್ಲ. ಎರಡನೇ ವರ್ಷದ ಕಂತು ಬರಬೇಕಾದರೆ ಮೊದಲ ವರ್ಷದ ಯುಸಿ, ಅಂದರೆ ದುಡ್ಡು ಬಳಸಿದ ಪ್ರಮಾಣಪತ್ರ, ಹೋಗಬೇಕು. ಯುಸಿಗೆ ಆಡಿಟರ್ ಸಹಿ, ಆಮೇಲೆ ಪ್ರಿನ್ಸಿಪಾಲ್ ಸಹಿ, ಆಮೇಲೆ ಎಲ್ಲೋ ಒಂದು ಟೇಬಲ್. ಆ ಟೇಬಲ್ ಯಾರದ್ದು ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ. ಪಿ.ಜೆ. ಬಡಾವಣೆಯ ಪಿಜಿಯಲ್ಲಿ ಬಾಡಿಗೆಗೆ ಅಣ್ಣನ ಹತ್ತಿರ ಕೇಳಬೇಕಾಯಿತು. ಅವನು ಕೊಟ್ಟ, ಆದರೆ ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು: "ಸರ್ಕಾರದ ಕೆಲಸ ಅಂದಿದ್ದೆಯಲ್ಲವ್ವಾ, ಸಂಬಳ ಬಂತಾ?"

ಒಂಬತ್ತನೇ ತಿಂಗಳು ಒಟ್ಟಿಗೆ ಬಂತು. ಅಷ್ಟರಲ್ಲಿ ನಾನು ಬೇರೆ ಕಡೆ ಇಂಟರ್‌ವ್ಯೂ ಕೊಟ್ಟಾಗಿತ್ತು.

ಮೂರು ತಿಂಗಳ ಫೆಲೋಶಿಪ್ ಮೊದಲೇ ಒಂದು ಖಾತೆಯಲ್ಲಿ ಇಟ್ಟಿರಬೇಕು, ಕಂತು ತಡವಾದರೆ ಅದರಿಂದ ಕೊಡಬೇಕು. ಕೇಂದ್ರ ಅಂತ ಮಾಡಿದರೆ ದಯವಿಟ್ಟು ಇದನ್ನು ಮೊದಲನೇ ಷರತ್ತಾಗಿ ಬರೆಯಿರಿ.

ಲೆಕ್ಕದ ಬುಕ್ಕು

ನಾನು ಕಾಲೇಜಿನ ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದು ನಿವೃತ್ತಿ ಆದವನು. ತಂಗಿ, ನಿನ್ನ ಯುಸಿ ನಿಂತ ಟೇಬಲ್ ನನ್ನಂಥವರದ್ದೇ ಇರಬಹುದು. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ದುಡ್ಡು ಮಂಜೂರಾಗುವುದು ಏಪ್ರಿಲ್‌ನಲ್ಲಿ, ಕೈಗೆ ಬರುವುದು ಜನವರಿ, ಫೆಬ್ರವರಿಯಲ್ಲಿ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದಕ್ಕೆ ಲೆಕ್ಕ ಕೇಳುತ್ತಾರೆ. ಅದಕ್ಕೇ ಮೇಷ್ಟ್ರುಗಳು ಓಡಿಬಂದು "ಏನಾದರೂ ಮಿಷನ್ ತಗೊಂಡು ಬಿಡೋಣ" ಅನ್ನುತ್ತಾರೆ. ಮಿಷನ್ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ. ಮನುಷ್ಯನಿಗೆ ಹನ್ನೆರಡು ತಿಂಗಳ ಹನ್ನೆರಡು ವೋಚರ್ ಬೇಕು. ಸೆನ್ಸರ್ ಸತ್ತ ಕಥೆಯ ಬೇರು ಇಲ್ಲಿದೆ ಅಂತ ನನಗನ್ನಿಸುತ್ತದೆ.

ತೆರಿಗೆಯ ಪೆಟ್ಟೂ ಇತ್ತು. ಮೊದಲು ಸಂಶೋಧನೆಯ ಸಾಮಾನಿಗೆ ರಿಯಾಯಿತಿ ದರ ಶೇ 5 ಇತ್ತು. 2022ರ ಜುಲೈನಲ್ಲಿ ಆ ರಿಯಾಯಿತಿ ತೆಗೆದರು, ಹೆಚ್ಚಿನ ಸಾಮಾನಿಗೆ ಶೇ 18 ಆಯಿತು. ಹಳೆ ದರಕ್ಕೆ ಬಜೆಟ್ ಬರೆದಿದ್ದ ಪ್ರಾಜೆಕ್ಟುಗಳಿಗೆಲ್ಲ ದುಡ್ಡು ಕಡಿಮೆ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಂಶೋಧನಾ ಅನುದಾನಕ್ಕೆ ವಿನಾಯಿತಿ ಕೊಡುವ ತೀರ್ಮಾನ ಮಾಡಿದ್ದು ಒಳ್ಳೆಯದಾಯಿತು.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಿಗೆ ಖರೀದಿ ನಿಯಮ ಸಡಿಲ ಮಾಡಿದರು. ಟೆಂಡರ್ ಇಲ್ಲದೆ ನೇರ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ಆಯಿತು. ಬೇಕಾದ ಯಂತ್ರವನ್ನು ಸರ್ಕಾರಿ ಪೋರ್ಟಲ್ಲಿನ ಹೊರಗೂ ಕೊಳ್ಳಬಹುದು. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಿಗೆ 1999ರ ಪಾರದರ್ಶಕ ಖರೀದಿ ಕಾಯ್ದೆ ಇದೆ. ಕಾಯ್ದೆ ಬೇಕು, ಕಳ್ಳತನ ತಡೆಯಲು ಬೇಕೇ ಬೇಕು. ಆದರೆ ಮೇಜು ಕುರ್ಚಿ ಕೊಳ್ಳುವ ನಿಯಮದಲ್ಲೇ ಸೆನ್ಸರ್ ಕೊಳ್ಳಬೇಕು ಅಂದರೆ ಕಷ್ಟ. ಅಂಥ ಸೆನ್ಸರ್ ಮಾಡುವವರು ಒಬ್ಬರೋ ಇಬ್ಬರೋ, ಮೂರು ಕೊಟೇಶನ್ ಎಲ್ಲಿಂದ ತರುವುದು?

ಬಾತಿ ಕೆರೆ

ಹಳೇ ಬಿಡಿಟಿ ಸರ್, ಅಸ್ತ್ರ ಒಲೆ ವಿಚಾರ ಗೊತ್ತಿರಲಿಲ್ಲ. ಅರ್ಧ ಒಪ್ಪಿದೆ. ಆದರೆ ಹೊಸ ಯೋಜನೆಗಳು ಬಂದಿವೆಯಲ್ಲ, ಸಂಶೋಧನೆಗೆ ದುಡ್ಡು ಕೊಡುವ ಅನುಸಂಧಾನ್ ಫೌಂಡೇಶನ್‌ಗೆ 50,000 ಕೋಟಿ, ಇನ್ನೊಂದು 1 ಲಕ್ಷ ಕೋಟಿಯ ನಿಧಿ. ಅದರಲ್ಲಿ ನಮ್ಮ ಕಾಲೇಜುಗಳಿಗೆ ಸಿಗುವುದಿಲ್ಲವಾ?

ವಿದ್ಯಾನಗರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾನು ಎರಡನ್ನೂ ಕೂತು ಓದಿದ್ದೇನೆ.

ಮೊದಲನೆಯದು 2023ರ ಕಾಯ್ದೆಯಿಂದ ಬಂದದ್ದು. 50,000 ಕೋಟಿ ಐದು ವರ್ಷಕ್ಕೆ, ಅದರಲ್ಲಿ ಜಾಸ್ತಿ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಅದರಡಿ ಪೇರ್ ಅನ್ನುವ ಕಾರ್ಯಕ್ರಮ ನನಗೆ ತುಂಬ ಹಿಡಿಸಿತು. ಒಂದು ದೊಡ್ಡ ಸಂಸ್ಥೆ ನಡುವೆ, ಸುತ್ತ ಏಳರವರೆಗೆ ಬೆಳೆಯುತ್ತಿರುವ ಸಂಸ್ಥೆಗಳು, ಗಾಡಿ ಚಕ್ರದ ಗುಂಬ ಮತ್ತು ಅದರ ಸುತ್ತಲಿನ ಕಡ್ಡಿಗಳ ಹಾಗೆ. ಚಳ್ಳಕೆರೆಯವರು ಕೇಳಿದ್ದು ಹೆಚ್ಚುಕಡಿಮೆ ಇದೇ. ಆದರೆ ಶುರುವಿನಲ್ಲಿ ಸುತ್ತಲಿನ ಕಡ್ಡಿಗಳಾಗಿ ಸೇರಿಸಿಕೊಂಡದ್ದು ಮುಖ್ಯವಾಗಿ ಸರ್ಕಾರಿ ವಿಶ್ವವಿದ್ಯಾಲಯಗಳನ್ನು. ನಮ್ಮಂಥ ಊರುಗಳಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಲ್ಲಿ ಹೆಚ್ಚಿನವರು ಇರುವುದು ವಿಟಿಯುಗೆ ಸೇರಿದ ಖಾಸಗಿ ಕಾಲೇಜುಗಳಲ್ಲಿ. ಆ ಬಾಗಿಲು ತೆರೆಯಬೇಕು.

ಎರಡನೆಯದಕ್ಕೆ 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದು ಕಂಪನಿಗಳಿಗೆ ಕಡಿಮೆ ಬಡ್ಡಿಯ, ಇಲ್ಲವೇ ಬಡ್ಡಿಯೇ ಇಲ್ಲದ ದೀರ್ಘ ಸಾಲ. ತಂತ್ರಜ್ಞಾನ ಎಷ್ಟು ಪಕ್ವ ಆಗಿದೆ ಅನ್ನುವುದಕ್ಕೆ 1ರಿಂದ 9ರವರೆಗೆ ಮೆಟ್ಟಿಲು ಇಟ್ಟಿರುತ್ತಾರೆ. ಈ ಸಾಲ 4ನೇ ಮೆಟ್ಟಿಲಿನಿಂದ ಮೇಲಕ್ಕೆ. ಅಂದರೆ ಲ್ಯಾಬಿನಲ್ಲಿ ಮಾಡಿ ತೋರಿಸಿ ಆದ ಮೇಲೆ. ಒಂದರಿಂದ ನಾಲ್ಕಕ್ಕೆ ಹತ್ತಿಸುವವರು ಯಾರು? ಅದು ಕಾಲೇಜಿನ ಲ್ಯಾಬಿನ ಕೆಲಸ. ನಮ್ಮ ಭಟ್ಟಿ ಒಲೆ ಎರಡನೇ ಮೆಟ್ಟಿಲಲ್ಲಿ ನಿಂತುಬಿಟ್ಟಿದೆ.

ಕರೂರು ಶೆಡ್

ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಆರು ಜನ ಕೆಲಸ ಮಾಡುತ್ತೇವೆ.

ಕಂಪನಿಗಳು ಜೊತೆಗಿರಬೇಕು ಅಂದಿರಿ. ಇಲ್ಲಿ ದೊಡ್ಡ ಕಂಪನಿ ಎಷ್ಟಿವೆ? ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಮಿಲ್ಲು ಮುಚ್ಚಿತು. ಈಗ ನನ್ನಂಥ ಶೆಡ್ಡುಗಳೇ ಈ ಊರಿನ ಇಂಡಸ್ಟ್ರಿ. ನಾವು ಲಕ್ಷ ಕೊಡಲು ಆಗುವುದಿಲ್ಲ. ವೆಲ್ಡಿಂಗ್ ಮಾಡಿ ಕೊಡಬಹುದು, ಶೀಟ್ ಬಗ್ಗಿಸಿ ಕೊಡಬಹುದು, ಹುಡುಗರಿಗೆ ಕೈಕೆಲಸ ಕಲಿಸಬಹುದು. ಅದನ್ನೂ ಪಾಲು ಅಂತ ಲೆಕ್ಕ ಹಿಡಿಯಲಿ.

ಒಂದು ಉದಾಹರಣೆ. ನಮ್ಮ ಜಿಲ್ಲೆ ಪೂರ್ತಿ ಮೆಕ್ಕೆಜೋಳ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ರೈತರು ರಸ್ತೆ ಮೇಲೆ ಹರಡುತ್ತಾರೆ. ತೇವಾಂಶ ಶೇ 14ಕ್ಕೆ ಇಳಿಯದಿದ್ದರೆ ದರ ಮುರಿಯುತ್ತಾರೆ. ರೈತರೊಬ್ಬರು ಬಂದು "ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಹೋಗುವ ಡ್ರೈಯರ್ ಮಾಡಿಕೊಡಪ್ಪ" ಅಂದರು. ಮಾಡಿದೆ. ಕೆಳಗಿನ ಕಾಳು ಸುಟ್ಟಿತು, ಮೇಲಿನದು ಹಸಿಯಾಗೇ ಉಳಿಯಿತು. ಗಾಳಿ ಎಷ್ಟು ಬಿಡಬೇಕು, ಎಷ್ಟು ಬಿಸಿ ಇರಬೇಕು ಅನ್ನುವ ಲೆಕ್ಕ ನನಗೆ ಗೊತ್ತಿಲ್ಲ. ಆ ಲೆಕ್ಕ ಗೊತ್ತಿರುವವರು ನನ್ನ ಶೆಡ್ಡಿನಿಂದ ಅರ್ಧ ಗಂಟೆ ದೂರದಲ್ಲಿ ಪಾಠ ಮಾಡುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ಶೆಡ್ಡಿಗೆ ಬಂದಿಲ್ಲ, ನಾನೂ ಕಾಲೇಜಿನ ಗೇಟು ದಾಟಿಲ್ಲ. ಇದು ನನ್ನ ತಪ್ಪೂ ಹೌದು.

ಭಟ್ಟಿ ಮನೆ ಮಗಳು

ಎಲ್ಲರೂ ನಮ್ಮ ಭಟ್ಟಿ ಬಗ್ಗೆ ಮಾತಾಡುತ್ತಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ಅಬ್ಬ ಭಟ್ಟಿ ನಡೆಸುತ್ತಾರೆ. ಅವರ ಅಬ್ಬನೂ ಅದನ್ನೇ ಮಾಡುತ್ತಿದ್ದರು. ನಾನು ಬಿ.ಇ. ಎಲೆಕ್ಟ್ರಾನಿಕ್ಸ್ ಮುಗಿಸಿದ್ದೇನೆ.

ಹೊಗೆ ಅಂದ ಕೂಡಲೇ ಎಲ್ಲರೂ ಟೈರ್ ಸುಡುತ್ತಾರೆ ಅನ್ನುತ್ತಾರೆ. ದಂಡ ಹಾಕುತ್ತಾರೆ, ಊರಾಚೆ ಕಳಿಸಿ ಅನ್ನುತ್ತಾರೆ. ಸ್ಮಾರ್ಟ್ ಸಿಟಿ ಬಂದಾಗಲೂ ಭಟ್ಟಿ ಪ್ರದೇಶ ಸುಧಾರಿಸುವ ಮಾತು ಬಂತು. ಆದರೆ ಯಾಕೆ ಹೊಗೆ ಬರುತ್ತದೆ ಅಂತ ಒಳಗೆ ಬಂದು ನಿಂತು ನೋಡಿದವರು ಕಡಿಮೆ.

ಕೆಲಸ ಹೀಗಿದೆ. ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಕಾದ ಮರಳಿಗೆ ಹಾಕುತ್ತಾರೆ. ಕೆಲವೇ ಸೆಕೆಂಡು. ಅಷ್ಟರಲ್ಲಿ ಅರಳಬೇಕು. ಮರಳು ತಣ್ಣಗಿದ್ದರೆ ಅಕ್ಕಿ ಗಟ್ಟಿಯಾಗಿ ಉಳಿಯುತ್ತದೆ, ಜಾಸ್ತಿ ಕಾದರೆ ಕಪ್ಪಾಗುತ್ತದೆ. ಅಬ್ಬ ಥರ್ಮಾಮೀಟರ್ ನೋಡುವುದಿಲ್ಲ. ಒಂದು ಹಿಡಿ ಅಕ್ಕಿ ಎಸೆದು ಸದ್ದು ಕೇಳುತ್ತಾರೆ. ಮರಳು ಸ್ವಲ್ಪ ತಣ್ಣಗಾದ ಸದ್ದು ಬಂತು ಅಂದರೆ ಒಲೆಗೆ ಒಮ್ಮೆಲೇ ಹೊಟ್ಟು ತುಂಬುತ್ತಾರೆ. ಆಗ ಕಪ್ಪು ಹೊಗೆ ಏಳುತ್ತದೆ. ಐದು ನಿಮಿಷಕ್ಕೆ ತಿಳಿಯಾಗುತ್ತದೆ, ಮತ್ತೆ ಹೊಟ್ಟು, ಮತ್ತೆ ಹೊಗೆ. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹೊಟ್ಟನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ಬೀಳಿಸುವ ಸ್ಕ್ರೂ ಒಂದು ಇದ್ದು, ಮರಳಿನ ಬಿಸಿ ನೋಡಿಕೊಂಡು ಅದು ತಿರುಗಿದರೆ ಅರ್ಧ ಹೊಗೆ ಹೋಗುತ್ತದೆ ಅಂತ ನನ್ನ ಲೆಕ್ಕ. ನನ್ನ ಪ್ರಾಜೆಕ್ಟಿಗೆ ಅದನ್ನೇ ಕೇಳಿದ್ದೆ. "ಇದರಲ್ಲಿ ಹೊಸದೇನಿದೆ, ಸಂಶೋಧನಾ ಪೇಪರ್ ಆಗುವುದಿಲ್ಲ" ಅಂದರು ಮೇಷ್ಟ್ರು. ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಮಾಡಿ ಪಾಸಾದೆ.

ಮನೆಯಲ್ಲಿ ಅಮ್ಮಿಗೆ ಉಸಿರಾಟದ ತೊಂದರೆ. ರಾತ್ರಿ ಎದ್ದು ಕೂರುತ್ತಾರೆ. ನನಗೆ ಪೇಪರ್ ಬೇಡ.

ಹಳೇ ಬಿಡಿಟಿ

ಮಗಳೇ, ನೀನು ಬರೆದದ್ದನ್ನು ಎರಡು ಸಲ ಓದಿದೆ. ನಿನಗೆ ಬೇಡ ಅಂದವರು ನಾನಾಗಿರಲಿಲ್ಲ. ಆದರೂ ಮೇಷ್ಟ್ರು ಕುಲದವನಾಗಿ ಕ್ಷಮೆ ಕೇಳುತ್ತೇನೆ. ಸದ್ದು ಕೇಳಿ ಮರಳಿನ ಹದ ಹೇಳುವುದು ದೊಡ್ಡ ವಿದ್ಯೆ. ಅದನ್ನು ಯಂತ್ರಕ್ಕೆ ಕಲಿಸುವುದು ಹೊಸದಲ್ಲದಿದ್ದರೆ ಇನ್ನೇನು ಹೊಸದು?

ಬಾತಿ ಕೆರೆ

ನಾನು ಪೂರ್ತಿ ಒಪ್ಪಿದೆ. ಇಂಥ ಕೇಂದ್ರ ಬೇಕು ಅಂತ ಸರ್ಕಾರಕ್ಕೆ ಅರ್ಜಿ ಬರೆಯೋಣ, ನನ್ನ ಸಹಿಯೂ ಇರಲಿ.

ಲೆಕ್ಕದ ಬುಕ್ಕು

ಅರ್ಜಿಯ ಬಜೆಟ್ ಪುಟ ನನಗೆ ಬಿಡಿ. ಯಂತ್ರ ಒಂದು ಭಾಗ, ಅದನ್ನು ನಡೆಸುವ ಮತ್ತು ರಿಪೇರಿ ಮಾಡುವ ಖರ್ಚು ಎರಡು ಭಾಗ ಅಂತ ಬರೆಯೋಣ. ತಂತ್ರಜ್ಞನಿಗೆ ಹತ್ತು ವರ್ಷದ ಸಂಬಳ ಬೇರೆ ಕಾಲಂ. ಫೆಲೋಶಿಪ್‌ಗೆ ತಂಗಿ ಹೇಳಿದ ಹಾಗೆ ಮೂರು ತಿಂಗಳ ಮೀಸಲು. ಕಾಲಂ ಇಲ್ಲದಿದ್ದರೆ ನಾವೇ ಗೆರೆ ಹಾಕೋಣ.

ವಿದ್ಯಾನಗರದ ಮೇಷ್ಟ್ರು

ಅರ್ಜಿ ಹೋಗಿ ಉತ್ತರ ಬರುವ ತನಕ ಸುಮ್ನೆ ಕೂರುವುದು ಬೇಡ. ನನ್ನ ಹತ್ತಿರ ಬಿಸಿ ಅಳೆಯುವ ನಾಲ್ಕು ಥರ್ಮೋಕಪಲ್ ಇವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಅನಲೈಸರ್ ಕೇಳಿದ್ದ ಹುಡುಗಿಯೂ ಬರುತ್ತಾಳೆ. ಮರಳಿನ ಬಿಸಿ ನಿಮಿಷ ನಿಮಿಷಕ್ಕೆ ಹೇಗೆ ಏರಿಳಿಯುತ್ತದೆ ಅಂತ ಒಂದು ದಿನ ಪೂರ್ತಿ ಬರೆದುಕೊಳ್ಳೋಣ. ಭಟ್ಟಿ ಮನೆ ಮಗಳೇ, ನಿಮ್ಮ ಅಬ್ಬ ಒಪ್ಪುತ್ತಾರಾ ಕೇಳಿ. ಅವರ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಒಂದು ಮೂಲೆಯಲ್ಲಿ ಇರುತ್ತೇವೆ.

ಕರೂರು ಶೆಡ್

ಸ್ಕ್ರೂ ನಾನು ಮಾಡಿ ತರುತ್ತೇನೆ. ಹಳೆ ಹಿಟ್ಟಿನ ಗಿರಣಿಯದ್ದೊಂದು ಬಿದ್ದಿದೆ, ಉದ್ದ ಎಷ್ಟು ಬೇಕು ಅಂತ ಅಳತೆ ಹೇಳಿ.

ಭಟ್ಟಿ ಮನೆ ಮಗಳು

ಅಬ್ಬನನ್ನು ಕೇಳಿದೆ. "ದಂಡ ಹಾಕೋಕೆ ಬರ್ತಾರಾ, ನೋಡೋಕೆ ಬರ್ತಾರಾ?" ಅಂದರು. ನೋಡೋಕೆ ಅಂದೆ. ಹಾಗಾದರೆ ಬರಲಿ ಅಂದರು. ಬೆಳಗಿನ ಜಾವ ನಾಲ್ಕಕ್ಕೆ ಬೆಂಕಿ ಹಾಕುತ್ತಾರೆ, ಆ ಹೊತ್ತಿಗೇ ಬನ್ನಿ. ಒಲೆಯ ಬಾಯಿ ಒಂದೂವರೆ ಅಡಿ ಅಗಲ ಇದೆ, ಅಣ್ಣ. ಉದ್ದ ನಾಳೆ ಅಳೆದು ಹಾಕುತ್ತೇನೆ.